ಒಗ್ಗದ ಆಹಾರವೂ ಲಸಿಕೆಯ ಸುರಕ್ಷತೆಯೂ

ಪೆರ್ಡೂರಿನ ಒಂದು ಮನೆಯಲ್ಲಿ ಹಬ್ಬದೂಟವೆಂದು ಊಹಿಸಿಕೊಳ್ಳಿ. ಗೇರುಬೀಜ ಹಾಕಿದ ಹಾಲುಪಾಯಸವನ್ನು ಎಲ್ಲರಿಗೂ ಬಡಿಸಿದ್ದಾಯಿತು. ಕೆಲವೇ ನಿಮಿಷಗಳಲ್ಲಿ ಒಬ್ಬ ಹುಡುಗನ ತುಟಿ ಊದಿಕೊಂಡಿತು, ಮೈಮೇಲೆ ದದ್ದುಗಳೆದ್ದವು, ಉಸಿರು ಕಟ್ಟತೊಡಗಿತು. ಒಂದೆರಡು ಗಂಟೆಗಳ ಮೇಲೆ ಅವನ ಅಕ್ಕನಿಗೆ ಹೊಟ್ಟೆ ಉಬ್ಬರಿಸಿ ಭೇದಿಯಾಯಿತು. ಇಬ್ಬರಿಗೂ 'ಪಾಯಸ ಒಗ್ಗಲಿಲ್ಲ' ಎಂದು ಮನೆಯವರು ಒಂದೇ ಮಾತಿನಲ್ಲಿ ಹೇಳಿಬಿಡುವರು. ಆದರೆ ಈ ಎರಡು ತೊಂದರೆಗಳ ಮೂಲವೇ ಬೇರೆ.

ಅಕ್ಕನದು ಜೀರ್ಣಕ್ರಿಯೆಯ ಕೊರತೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆಯಲು ಸಣ್ಣಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವವಿರಬೇಕು. ಅದು ಸಾಲದಿದ್ದರೆ ಸಕ್ಕರೆ ದೊಡ್ಡಕರುಳಿಗಿಳಿದು, ಅಲ್ಲಿನ ಬ್ಯಾಕ್ಟೀರಿಯಗಳಿಂದ ಹುಳಿತು ವಾಯುವನ್ನುಂಟುಮಾಡುವುದು. ಇದೇ ಆಹಾರದ ಅಸಹನೆ. ಇಲ್ಲಿ ಪ್ರಮಾಣವೇ ಮುಖ್ಯ. ಲೋಟ ತುಂಬ ಹಾಲು ಒಗ್ಗದವರಿಗೂ ಸ್ವಲ್ಪ ಹಾಲು ಒಗ್ಗಬಹುದು.

ತಮ್ಮನದು ಅಲರ್ಜಿ. ಅವನ ದೇಹದ ರಕ್ಷಣಾವ್ಯವಸ್ಥೆಯು ಗೇರುಬೀಜದ ಪ್ರೋಟೀನನ್ನು ಹಿಂದೆಯೇ ಶತ್ರುವೆಂದು ತಪ್ಪಾಗಿ ಎಣಿಸಿ, ಐಜಿಇ ಎಂಬ ಪ್ರತಿಕಾಯವನ್ನು ಸಿದ್ಧಪಡಿಸಿಕೊಂಡಿದೆ. ಅದೇ ಪ್ರೋಟೀನು ಮರಳಿ ಬಂದೊಡನೆ ಮಾಸ್ಟ್ ಕೋಶಗಳು ಹಿಸ್ಟಮೀನ್ ಮೊದಲಾದ ವಸ್ತುಗಳನ್ನು ಸುರಿಸುವುವು. ಒಂದು ಚೂರು ಬೀಜವೂ ಪ್ರಾಣಾಪಾಯ ತರಬಲ್ಲುದು. ಇಂಥವನನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತೊಡೆಯ ಸ್ನಾಯುವಿಗೆ ಚುಚ್ಚುವ ಅಡ್ರಿನಲಿನ್ನೇ ಅಲ್ಲಿ ಮೊದಲ ಮದ್ದು.

'ಅಲರ್ಜಿ' ಎಂಬ ಪದ ಹುಟ್ಟಿದುದೇ ಚುಚ್ಚುಮದ್ದಿನ ಅಭ್ಯಾಸದಿಂದ. ಕುದುರೆಯ ಸೀರಮ್ಮನ್ನು ಚುಚ್ಚಿಸಿಕೊಂಡ ಕೆಲವು ಮಕ್ಕಳಿಗೆ ಜ್ವರ, ದದ್ದು ಬರುವುದನ್ನು ಗಮನಿಸಿದ ವಿಯೆನ್ನದ ವೈದ್ಯ ಪಿರ್ಕೆ 1906ರಲ್ಲಿ ಈ ಹೆಸರನ್ನಿಟ್ಟನು.

ಹಾಗಾದರೆ ಈ ಹುಡುಗನಿಗೆ ದಡಾರದ ಲಸಿಕೆ ಹಾಕಿಸಬಹುದೇ? ಹಾಕಿಸಬಹುದು, ಹಾಕಿಸಲೇಬೇಕು. 'ಅಲರ್ಜಿ ಇದೆಯೇ?' ಎಂದಷ್ಟೇ ಕೇಳಿದರೆ ಸಾಲದು, 'ಯಾವುದಕ್ಕೆ? ಅದು ಲಸಿಕೆಯಲ್ಲಿದೆಯೇ?' ಎಂದು ಕೇಳಬೇಕು. ದಡಾರದ ಲಸಿಕೆಯಲ್ಲಿ ಗೇರುಬೀಜವಿಲ್ಲ. ಅದರ ವೈರಸ್ಸನ್ನು ಕೋಳಿಭ್ರೂಣದ ಕೋಶಗಳಲ್ಲಿ ಬೆಳೆಸುವರಾದರೂ ಮೊಟ್ಟೆಯ ಅಲರ್ಜಿಯುಳ್ಳ ಮಕ್ಕಳಿಗೂ ಅದನ್ನು ಕೊಡುವರು. ಮೊಟ್ಟೆಯೊಳಗೇ ಬೆಳೆಸುವ ಹಳದಿಜ್ವರದ ಲಸಿಕೆಯ ವಿಷಯದಲ್ಲಾದರೋ ವೈದ್ಯರು ಎಚ್ಚರ ವಹಿಸುವರು. ಲಸಿಕೆಯ ಹಿಂದಿನ ಡೋಸಿನಿಂದಲೇ ತೀವ್ರ ಅಲರ್ಜಿಯಾಗಿದ್ದರೆ ಅದನ್ನು ಮತ್ತೆ ಕೊಡುವುದಿಲ್ಲ. ಅಕ್ಕನ ಹಾಲಿನ ಅಸಹನೆಯಂತೂ ಲಸಿಕೆಗೆ ಅಡ್ಡಿಯೇ ಅಲ್ಲ.

ಲಸಿಕೆಯಿಂದ ತೀವ್ರ ಅಲರ್ಜಿಯಾಗುವುದು ಹತ್ತು ಲಕ್ಷ ಡೋಸುಗಳಿಗೆ ಸುಮಾರು ಒಂದು ಸಲ. ಅದೂ ಹೆಚ್ಚಾಗಿ ಕೆಲವೇ ನಿಮಿಷಗಳಲ್ಲಿ. ಲಸಿಕೆಯ ಬಳಿಕ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕೆನ್ನುವುದು ಇದಕ್ಕಾಗಿ. ದಡಾರವಾದರೋ ತಗುಲಿದ ಸಾವಿರ ಮಕ್ಕಳಲ್ಲಿ ಒಂದರಿಂದ ಮೂವರನ್ನು, ಪೌಷ್ಟಿಕತೆ ಸಾಲದೆಡೆ ಇನ್ನೂ ಹೆಚ್ಚು ಮಂದಿಯನ್ನು, ಬಲಿ ತೆಗೆದುಕೊಳ್ಳಬಲ್ಲುದು.

ಆದುದರಿಂದ 'ಒಗ್ಗುವುದಿಲ್ಲ' ಎಂಬ ಒಂದೇ ಮಾತಿನಲ್ಲಿ ನಿಲ್ಲಿಸಬಾರದು. ಏನನ್ನು ತಿಂದಾಗ, ಎಷ್ಟು ಹೊತ್ತಿಗೆ, ಏನಾಯಿತು ಎಂಬುದನ್ನು ಬರೆದಿಟ್ಟು ವೈದ್ಯರಿಗೆ ತಿಳಿಸಬೇಕು. ಈ ಮೂರು ಉತ್ತರಗಳಿಂದ ಹುಡುಗನ ಎಲೆಗೆ ಗೇರುಬೀಜ ಬೀಳದಂತೆಯೂ ಅವನಿಗೆ ಸಲ್ಲಬೇಕಾದ ಲಸಿಕೆ ತಪ್ಪದಂತೆಯೂ ನೋಡಿಕೊಳ್ಳಬಹುದು.