ಆಸ್ಪಿರಿನ್ ಜತೆಗಿನ ಆ ಇನ್ನೊಂದು ಮಾತ್ರೆ

*ಡಾಕ್ಟ್ರೇ, ನಮ್ಮಪ್ಪನಿಗೆ 68 ವರ್ಷ. ಮೈಸೂರಿನಲ್ಲಿ ಸ್ಟೆಂಟ್ ಹಾಕಿಸಿ ಎರಡು ವರ್ಷವಾಯಿತು. ಆಸ್ಪಿರಿನ್ 75 ಜತೆ ಪ್ಯಾಂಟೊಪ್ರಜೋಲ್ ಬರೆದಿದ್ದಾರೆ. ಅದು ಸಿಗದೆ ಅಂಗಡಿಯವರು ಫ್ಯಾಮೊಟಿಡಿನ್ ಕೊಟ್ಟರು. ಎರಡೂ ಒಂದೇನಾ? ಅಪ್ಪನಿಗೆ ಗ್ಯಾಸೇ ಇಲ್ಲ, ಇದು ಬೇಕಾ?*
– ಓದುಗರು, ರಾವಂದೂರು

ಒಂದೇ ಅಲ್ಲ. ಹೊಟ್ಟೆಯ ಆಮ್ಲದ ಪಂಪಿಗೆ ಮುಖ್ಯವಾಗಿ ಮೂರು ಕಡೆಯಿಂದ ಅಪ್ಪಣೆ ಬರುತ್ತದೆ, ತ್ರೀ ಫೇಸ್ ಕರೆಂಟಿನ ಹಾಗೆ. ಫ್ಯಾಮೊಟಿಡಿನ್ ತೆಗೆಯುವುದು ಒಂದು ಫೇಸನ್ನು ಮಾತ್ರ. ಒಂದು ಫೇಸ್ ಹೋದರೂ ಕಂಡೆನ್ಸರ್ ಹಾಕಿ ಮೋಟಾರ್ ಓಡಿಸುವವರು ನೀವು. ಜಠರವೂ ಅಷ್ಟೇ ಜಾಣ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಮೋಟಾರನ್ನೇ ನಿಲ್ಲಿಸುವ ಗುಂಪಿನವು. ಆಸ್ಪಿರಿನ್‌ನಿಂದ ಹುಣ್ಣಾಗಿದ್ದವರ ಮೇಲೆ ಹಾಂಗ್‌ಕಾಂಗ್ ವೈದ್ಯರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫ್ಯಾಮೊಟಿಡಿನ್ ನುಂಗಿದವರಲ್ಲಿ ಐವರಿಗೊಬ್ಬರಂತೆ ತೊಂದರೆ ಮರುಕಳಿಸಿತು; ಪ್ಯಾಂಟೊಪ್ರಜೋಲ್ ನುಂಗಿದವರಲ್ಲಿ ಒಬ್ಬರಿಗೂ ಇಲ್ಲ. 2017ರ ಇನ್ನೊಂದು ಅಧ್ಯಯನದಲ್ಲಿ ರಾಬೆಪ್ರಜೋಲ್‌ಗೂ ಫ್ಯಾಮೊಟಿಡಿನ್‌ಗೂ ಅಷ್ಟು ಅಂತರ ಕಾಣಲಿಲ್ಲ. ಹಾಗಾಗಿ ನಾಲ್ಕು ದಿನದ ಮಟ್ಟಿಗೆ ಫ್ಯಾಮೊಟಿಡಿನ್ ನಡೆದೀತು. ಆಮೇಲೆ ಬರೆದುಕೊಟ್ಟದ್ದನ್ನೇ ತನ್ನಿ, ತಿಂಡಿಗೆ ಅರ್ಧ ಗಂಟೆ ಮುಂಚೆ ಕೊಡಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್ ಕೂಡ ಇದ್ದರೆ ಒಮೆಪ್ರಜೋಲ್ ಬೇಡ, ಅದು ಕ್ಲೋಪಿಡೋಗ್ರೆಲ್‌ನ ಕೆಲಸ ಕೆಡಿಸುತ್ತದೆ.

ಗ್ಯಾಸ್ ವಿಷಯಕ್ಕೆ ಬರೋಣ. ಪ್ಯಾಂಟೊಪ್ರಜೋಲ್‌ಗೆ ಗ್ಯಾಸ್ ಮಾತ್ರೆ ಅಂತ ಹೆಸರಿಟ್ಟವರು ಯಾರೋ, ಸಿಕ್ಕಿದರೆ ಕೇಳಬೇಕು. ಇಲ್ಲಿ ಅದು ಗ್ಯಾಸಿಗಲ್ಲ, ಹುಣ್ಣು ತಡೆಯಲು. ಆಸ್ಪಿರಿನ್ ರಕ್ತಕ್ಕೆ ಸೇರಿದ ಮೇಲೆ ಜಠರದ ಒಳಪದರವನ್ನು ಕಾಯುವ ಪ್ರೊಸ್ಟಾಗ್ಲಾಂಡಿನ್ ತಗ್ಗುತ್ತದೆ. ಅದಕ್ಕೇ ಲೇಪನವಿರುವ ಆಸ್ಪಿರಿನ್ ನುಂಗಿದರೂ, ಮೇಲೆ ಹಾಲು ಕುಡಿದರೂ ಹುಣ್ಣು ತಪ್ಪುವುದಿಲ್ಲ. ತೇಗು, ಉರಿ ಯಾವುದೂ ಇಲ್ಲದೆ ನೇರ ರಕ್ತಸ್ರಾವವೇ ಆಗಬಹುದು. 68 ವರ್ಷ ಎನ್ನುವುದೊಂದೇ ಸಾಕು, ಮಾತ್ರೆ ಬೇಕು. ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್, ಬಿ12 ನೋಡಿಸಿ.

*ಅಮ್ಮ ಆಸ್ಪಿರಿನ್ ತಗೋತಾರೆ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಕೆಲಸದ ದಿನಗಳಲ್ಲಿ ಮಂಡಿನೋವಿಗೆ ಅಂಗಡಿ ಮಾತ್ರೆಯನ್ನೂ ನುಂಗುತ್ತಾರೆ. ಮೂರು ದಿನದಿಂದ ಮಲ ಕಪ್ಪು. ಆಸ್ಪಿರಿನ್ ನಿಲ್ಲಿಸಿದ್ದೇವೆ. ಸರಿ ತಾನೆ?*
– ಪಿರಿಯಾಪಟ್ಟಣ ತಾಲ್ಲೂಕು

ಕಾಗದ ಬರೆಯುವ ಹೊತ್ತಿನಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಇದನ್ನು ಓದುತ್ತಿದ್ದ ಹಾಗೇ ಹೊರಡಿ.

ಹಿಂದೊಮ್ಮೆ ಒಬ್ಬ ತಾಯಿ ಹೀಗೇ ಬಂದಿದ್ದರು. ಬೆರಳ ತುದಿಗೆಲ್ಲ ಹೊಗೆಸೊಪ್ಪಿನ ಕಪ್ಪು ಅಂಟು, ಉಗುರು ಮಾತ್ರ ಸುಣ್ಣದಷ್ಟು ಬಿಳಿ. ಕುಪ್ಪಸದೊಳಗಿನ ಪುಟ್ಟ ಪರ್ಸಿನಿಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆಯ ಸ್ಟ್ರಿಪ್ ತೆಗೆದರು; ಹತ್ತರಲ್ಲಿ ಎರಡು ಉಳಿದಿದ್ದವು. ಹಿಮೋಗ್ಲೋಬಿನ್ 5.8. 'ಸುಸ್ತು ಅಷ್ಟೇ ಸಾ' ಅಂದರು.

ಟಾರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿದ್ದರೆ ಅದು ಜಠರದ ರಕ್ತ. ಕಬ್ಬಿಣದ ಮಾತ್ರೆಗೂ ಕಪ್ಪಾಗುತ್ತದೆ, ಆದರೆ ಅದನ್ನು ತೀರ್ಮಾನಿಸುವುದು ಮನೆಯ ಜಗಲಿಯಲ್ಲಲ್ಲ. ಹಿಮೋಗ್ಲೋಬಿನ್, ಎಂಡೋಸ್ಕೋಪಿ, ಎಚ್. ಪೈಲೋರಿ ಪರೀಕ್ಷೆ, ಮೂರೂ ಆಗಲಿ. ಆ ಬ್ಯಾಕ್ಟೀರಿಯಾ ಉಳಿದರೆ ಹುಣ್ಣು ಮತ್ತೆ ಬರುತ್ತದೆ.

ನೋವಿನ ಮಾತ್ರೆ ಇವತ್ತೇ ನಿಲ್ಲಲಿ. ಆಸ್ಪಿರಿನ್ ಬಿಡಬೇಕೇ, ಎಷ್ಟು ದಿನ ಎಂದು ಹೇಳಬೇಕಾದವರು ಅಲ್ಲಿನ ವೈದ್ಯರು. ಹೃದಯ, ಮಿದುಳಿನ ಕಾಯಿಲೆಯವರಿಗೆ ರಕ್ತಸ್ರಾವ ನಿಂತ ಕೆಲವೇ ದಿನಗಳಲ್ಲಿ ಅದನ್ನು ಮತ್ತೆ ಶುರುಮಾಡುತ್ತಾರೆ. 2010ರ ಮತ್ತೊಂದು ಅಧ್ಯಯನದಲ್ಲಿ, ಹುಣ್ಣಿನ ರಕ್ತಸ್ರಾವದ ನಂತರ ಆಸ್ಪಿರಿನ್ ಬಿಟ್ಟವರಲ್ಲಿ ಎಂಟು ವಾರದೊಳಗೆ 12.9% ಮಂದಿ ತೀರಿಕೊಂಡರು, ಮುಂದುವರಿಸಿದವರಲ್ಲಿ 1.3%. ಹೊಟ್ಟೆ ಉಳಿಸಲು ಹೋಗಿ ಎದೆ ಕಳೆದುಕೊಂಡ ಕತೆ.

*ಎದೆ ಉರಿದರೆ ಇನ್ನೊಂದು ಪ್ಯಾಂಟೊಪ್ರಜೋಲ್ ನುಂಗಬಹುದೇ?*
– ಹುಣಸೂರು

ಮೊದಲು ಇಸಿಜಿ. 'ಗ್ಯಾಸ್ಟ್ರಿಕ್ ಇರಬೇಕು' ಅಂತ ಸೋಡಾ ಕುಡಿದು ಮಲಗಿದವರನ್ನು ಬೆಳಿಗ್ಗೆ ನೋಡಿದ್ದೇನೆ. ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದಿರುವುದೇ ತಾಲ್ಲೂಕು ಮಟ್ಟದಲ್ಲೇ ಇಸಿಜಿ ಆಗಲಿ ಅಂತ. ಹೃದಯದ ತೊಂದರೆಯಲ್ಲ ಎಂದು ವೈದ್ಯರು ಹೇಳಿದರೆ ಉರಿಯ ಮಾತು ಆಮೇಲೆ ಆಡೋಣ.