ಆರೋಗ್ಯ ಇಲಾಖೆಯ ಆತ್ಮಪರೀಕ್ಷೆ

ಒಂದೇ ನಗರದಲ್ಲಿ ಒಂದೇ ದಿನ ಎರಡು ಶಿಶುಗಳು ಹುಟ್ಟಿದುವೆಂದು ಭಾವಿಸೋಣ. ಒಂದರ ಮನೆ ಗುಡ್ಡದ ಮೇಲೆ. ಇನ್ನೊಂದರದು ಬಂದರಿನ ಬಳಿಯ ತಗ್ಗಿನಲ್ಲಿ. ಮನೆಗಳ ನಡುವೆ ಕೆಲವೇ ಮೈಲಿಗಳ ದೂರ. ಆದರೆ ಅವುಗಳ ಆಯುಸ್ಸಿನಲ್ಲಿ ಎಷ್ಟು ಅಂತರವಿರಬಹುದು? ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಓಕ್ಲೆಂಡ್ ನಗರವು ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಓಕ್ಲೆಂಡ್ ನಗರವು ಆಲಮೀಡ ಕೌಂಟಿಗೆ ಸೇರಿದುದು. ಕೌಂಟಿಯೆಂದರೆ ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತ ವಿಭಾಗ. ಅಲ್ಲಿಯ ಸಾರ್ವಜನಿಕ ಆರೋಗ್ಯ ಇಲಾಖೆಯು ೨೦೦೮ರಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ಗುಡ್ಡದ ಮೇಲಿನ ಸಿರಿವಂತ ಬಡಾವಣೆಯ ಬಿಳಿಯ ಮಗುವಿಗಿಂತ ಪಶ್ಚಿಮ ಓಕ್ಲೆಂಡಿನ ಆಫ್ರಿಕನ್ ಅಮೆರಿಕನ್ ಮಗು ಸುಮಾರು ೧೫ ವರ್ಷ ಮೊದಲೇ ಸಾಯುವ ಸಂಭವವುಂಟೆಂದು ಅದು ತಿಳಿಸಿತು.

ಇದನ್ನು ಲೆಕ್ಕ ಹಾಕುವುದು ಹೇಗೆ? ಪ್ರತಿಯೊಂದು ಮರಣಪತ್ರದಲ್ಲಿಯೂ ಮೃತರ ವಯಸ್ಸು, ಜನಾಂಗ, ವಿಳಾಸ, ಸಾವಿನ ಕಾರಣ ಇವು ನಮೂದಾಗಿರುತ್ತವೆ. ಒಂದು ಬಡಾವಣೆಯಲ್ಲಿ ಒಂದೊಂದು ವಯಸ್ಸಿನವರಲ್ಲಿ ಸಂಭವಿಸಿದ ಸಾವುಗಳನ್ನು ಆ ವಯಸ್ಸಿನವರ ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಆಯಾ ವಯಸ್ಸಿನ ಮರಣ ಪ್ರಮಾಣ ದೊರೆಯುತ್ತದೆ. ಈಗ ಹುಟ್ಟಿದ ಶಿಶುಗಳು ಜೀವಮಾನವೆಲ್ಲ ಇದೇ ಪ್ರಮಾಣಗಳಿಗೆ ಒಳಪಟ್ಟರೆ ಸರಾಸರಿ ಎಷ್ಟು ವರ್ಷ ಬಾಳುವುವೋ ಅದೇ ನಿರೀಕ್ಷಿತ ಆಯುಸ್ಸು. ಇದು ಒಂದು ಮಗುವಿನ ಜಾತಕವಲ್ಲ. ಬಡಾವಣೆಯ ಸ್ಥಿತಿಯನ್ನು ತೋರಿಸುವ ಅಳತೆಗೋಲು.

ಈ ಅಂತರಕ್ಕೆ ಕಾರಣ ಆಸ್ಪತ್ರೆಯೊಳಗೆ ಮಾತ್ರ ಇಲ್ಲ. ೧೯೩೦ರ ದಶಕದಲ್ಲಿ ತಯಾರಾದ ಗೃಹಸಾಲದ ನಕ್ಷೆಗಳಲ್ಲಿ ಪಶ್ಚಿಮ ಓಕ್ಲೆಂಡಿಗೆ ಕೆಂಪು ಬಣ್ಣ ಬಳಿದಿದ್ದರು. ಇಲ್ಲಿ ಸಾಲ ಕೊಡುವುದು ಅಪಾಯವೆಂಬುದೇ ಅದರ ಅರ್ಥ. ಸಾಲವಿಲ್ಲದೆಡೆ ಮನೆಗಳು ಶಿಥಿಲವಾಗುತ್ತವೆ, ಆಸ್ತಿ ಬೆಳೆಯದು. ಬಂದರಿನ ಲಾರಿಗಳೂ ಹೆದ್ದಾರಿಗಳೂ ಉಗುಳುವ ಡೀಸೆಲ್ ಹೊಗೆಯೂ ಇದಕ್ಕೆ ಸೇರಿತು.

ಹಾಗಾದರೆ ಆರೋಗ್ಯ ಇಲಾಖೆಯ ಪಾಲೇನು? ಅದರ ಬಾಗಿಲು ಎಲ್ಲರಿಗೂ ಸಮಾನವಾಗಿ ತೆರೆದಿದೆಯಷ್ಟೆ ಎಂದು ಹೇಳಬಹುದು. ಆದರೆ ಬೆಳಗ್ಗೆ ೯ರಿಂದ ಸಂಜೆ ೫ರವರೆಗೆ ಮಾತ್ರ ನಡೆಯುವ ಚಿಕಿತ್ಸಾಲಯವು, ಕೆಲಸ ಬಿಟ್ಟರೆ ಕೂಲಿ ಕಳೆದುಕೊಳ್ಳುವವನ ಪಾಲಿಗೆ ಮುಚ್ಚಿದಂತೆಯೇ ಸರಿ. ಎಲ್ಲರಿಗೂ ಒಂದೇ ನಿಯಮವೆಂಬುದು ಸಮಾನತೆ. ಅವರವರ ಅಡಚಣೆಯನ್ನು ಅರಿತು ಎಲ್ಲರಿಗೂ ಫಲ ಮುಟ್ಟುವಂತೆ ಮಾಡುವುದು ನ್ಯಾಯ. ಯಾರಲ್ಲಿಯೂ ದುರುದ್ದೇಶವಿಲ್ಲದಿದ್ದರೂ ವೇಳಾಪಟ್ಟಿ, ಅರ್ಜಿ ನಮೂನೆ, ನೇಮಕದ ನಿಯಮ ಇವುಗಳಲ್ಲಿ ಅನ್ಯಾಯ ಅಡಗಿರಬಲ್ಲದು.

ಆದ್ದರಿಂದ ಇಲಾಖೆ ಮೊದಲು ತನ್ನನ್ನೇ ಪರೀಕ್ಷಿಸಿಕೊಳ್ಳಬೇಕು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಆರೋಗ್ಯ ಇಲಾಖೆಗಳ ಒಕ್ಕೂಟವು ೨೦೧೦ರಲ್ಲಿ ಇದಕ್ಕಾಗಿಯೇ ಒಂದು ಕೈಪಿಡಿಯನ್ನು ಹೊರತಂದಿತು. ನೌಕರರನ್ನೂ ಸಹಕರಿಸುವ ಸಂಸ್ಥೆಗಳನ್ನೂ ಪ್ರಶ್ನಿಸುವುದು, ನೌಕರರ ಗುಂಪುಚರ್ಚೆ, ಮೇಲಧಿಕಾರಿಗಳ ಸಂದರ್ಶನ, ಕಡತಗಳ ಪರಿಶೀಲನೆ ಇವು ಅದರಲ್ಲಿ ಹೇಳಿರುವ ಸಾಧನಗಳು. ಜನರ ಭಾಷೆ ಬಲ್ಲವರು ನಮ್ಮಲ್ಲಿದ್ದಾರೆಯೆ? ಹಣ ಹೆಚ್ಚು ರೋಗವಿರುವೆಡೆಗೆ ಹೋಗುತ್ತಿದೆಯೆ? ಕಿರಿಯ ನೌಕರನ ಮಾತಿಗೆ ಬೆಲೆಯುಂಟೆ? ಆತ್ಮಪರೀಕ್ಷೆಯ ಪ್ರಶ್ನೆಗಳು ಇಂಥವು. ಆಲಮೀಡದ ಇಲಾಖೆಯು ತನ್ನ ನೌಕರವರ್ಗಕ್ಕೆ ಸಾರ್ವಜನಿಕ ಆರೋಗ್ಯದ ಚರಿತ್ರೆಯನ್ನೂ ವರ್ಣಭೇದದ ಪರಿಣಾಮಗಳನ್ನೂ ಬೋಧಿಸುವ ಪಾಠಕ್ರಮವನ್ನೇ ಏರ್ಪಡಿಸಿತು.

ಗುಮಾಸ್ತನಿಗೆ ಈ ಚರಿತ್ರೆ ಏಕೆಂದು ಕೇಳಬಹುದು. ನಮೂನೆಯಲ್ಲಿ ಯಾವ ಅಂಕಣವಿರಬೇಕೆಂಬುದು ಸಣ್ಣ ಮಾತಲ್ಲ. ಮರಣಪತ್ರದಲ್ಲಿ ವಿಳಾಸದ ಅಂಕಣವೇ ಇಲ್ಲದಿದ್ದರೆ ಆ ೧೫ ವರ್ಷಗಳ ಅಂತರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ!

ಇಲಾಖೆಯೊಂದೇ ಕೂಲಿಯನ್ನು ಹೆಚ್ಚಿಸಲಾರದು, ಮನೆಗಳನ್ನು ಕಟ್ಟಿಸಲಾರದು. ಆದರೆ ಅವನ್ನು ನಿರ್ಧರಿಸುವವರ ಮುಂದೆ ಅಂಕಿಗಳನ್ನು ಇಡಬಲ್ಲದು. ತನ್ನ ನಿಯಮಗಳನ್ನಂತೂ ಇಂದೇ ತಿದ್ದಬಲ್ಲದು. ಆತ್ಮಪರೀಕ್ಷೆ ಫಲಿಸಿತೋ ಇಲ್ಲವೋ ಎಂಬುದನ್ನು ಕಡೆಗೆ ಹೇಳಬೇಕಾದುದು ಕಡತಗಳಲ್ಲ. ಗುಡ್ಡಕ್ಕೂ ತಗ್ಗಿಗೂ ನಡುವಣ ಆಯುಸ್ಸಿನ ಅಂತರ ಕುಗ್ಗಿತೆ ಎಂಬ ಲೆಕ್ಕ.