ದಿನಕ್ಕೊಂದು ಪದ್ಯ

ತಮ್ಮಾ, ತಂಗೀ, ನಿಮ್ಮ ವಯಸ್ಸಿನವರು ನನ್ನ ಹತ್ತಿರ ಎರಡು ಮಾತು ಹೇಳಿಕೊಳ್ಳುತ್ತಾರೆ. ಒಂದು, "ಪುಸ್ತಕ ಹಿಡಿದ್ರ ನಿದ್ದಿ ಬರ್ತದ್ರಿ." ಇನ್ನೊಂದು ಮೆಲ್ಲಗೆ ಬರುತ್ತದೆ: "ದೇವರ ಮ್ಯಾಲ ನಂಬಿಕಿ ಕೂಡವಲ್ದು, ಮನ್ಯಾಗ ಬೈತಾರಂತ ಕೈ ಮುಗೀತೀನಿ." ಎರಡಕ್ಕೂ ನಾನು ಸಿಟ್ಟಾಗುವುದಿಲ್ಲ. ನಿಮ್ಮ ಮನೆಯ ದೇವರ ಜಗಲಿಯ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟು, ಹಬ್ಬಕ್ಕೊಮ್ಮೆ ಅರಿಶಿನ ಕುಂಕುಮ ಏರಿಸುವ ಪುಸ್ತಕ ಇದೆಯಲ್ಲ, ಅದನ್ನು ಬಿಚ್ಚಿ ಓದಿ ಎನ್ನುತ್ತೇನೆ. ಎರಡು ಕಾಯಿಲೆಗೂ ಮದ್ದು ಅದರಲ್ಲೇ ಇದೆ.

ಓದಿನಿಂದ ಬಾಳು ತಿರುಗಿದವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರ ಕಥೆ ನಿಮ್ಮ ಅಜ್ಜಿಯರಿಗೆಲ್ಲ ಗೊತ್ತು. ಅವರು ಓದದವರಲ್ಲ, ಬಹಳ ಓದಿದವರು. ವರದೇಂದ್ರ ತೀರ್ಥರ ಬಳಿ ಶಾಸ್ತ್ರ ಕಲಿತ ಸಂಸ್ಕೃತ ಪಂಡಿತರು. ಅದೇ ತಾಲ್ಲೂಕಿನ ಚೀಕಲಪರ್ವಿಯವರು ವಿಜಯದಾಸರು. ಬಡತನದಲ್ಲಿ ಬೆಳೆದು, ಕಾಶಿಯವರೆಗೂ ಅಲೆದು, ಕನ್ನಡದಲ್ಲಿ ಸುಳಾದಿ, ಕೀರ್ತನೆ ಕಟ್ಟಿ ಹಾಡುತ್ತಿದ್ದವರು. ಕನ್ನಡದಲ್ಲಿ ಹಾಡುವ ದಾಸರ ಪಂಕ್ತಿಯಲ್ಲಿ ಪಂಡಿತ ಕೂಡಬೇಕೇ ಎಂಬ ಬಿಂಕ ಆಚಾರ್ಯರಿಗೆ. ಊಟಕ್ಕೆ ಕರೆ ಬಂದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರಂತೆ, ಆ ನೆಪವೇ ನಿಜವಾದ ಬೇನೆಯಾಗಿ ಕಾಡಿತಂತೆ. ಮಂತ್ರಾಲಯಕ್ಕೆ ಹೋಗಿ ಸೇವೆ ಮಾಡಿದರೆ, ವಿಜಯದಾಸರಲ್ಲೇ ಶರಣಾಗು ಎಂಬ ಸೂಚನೆ ಸಿಕ್ಕಿತು. ವಿಜಯದಾಸರು ಅವರನ್ನು ತಮ್ಮ ಶಿಷ್ಯ ಗೋಪಾಲದಾಸರ ಕಡೆ ಕಳಿಸಿದರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಆ ಗೋಪಾಲದಾಸರು ಧನ್ವಂತರಿಯನ್ನು ಹಾಡಿ ಬೇಡಿ, ತಮ್ಮ ಆಯುಷ್ಯದಲ್ಲಿ 40 ವರ್ಷ ಇವರಿಗೆ ಕೊಟ್ಟರೆಂಬುದು ಪರಂಪರೆಯ ಮಾತು.

ಆಯುಷ್ಯ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆಯೇ ಎಂದು ನೀವು ಕೇಳುತ್ತೀರಿ. ಕೇಳಿರಿ, ಕೇಳುವುದು ಪಾಪವಲ್ಲ. ಆ ಪ್ರಶ್ನೆ ಬಗೆಹರಿಯದಿದ್ದರೂ ಒಂದು ಸಂಗತಿ ಮಾತ್ರ ಕಣ್ಣೆದುರು ಉಳಿದಿದೆ: ಕನ್ನಡವನ್ನು ಹಗುರವಾಗಿ ಕಂಡ ಪಂಡಿತರು ಜಗನ್ನಾಥದಾಸರಾದರು. ಕಲಿತ ಶಾಸ್ತ್ರವನ್ನೆಲ್ಲ ಹರಿಕಥಾಮೃತಸಾರ ಎಂಬ ಕನ್ನಡ ಕೃತಿಗೆ ಇಳಿಸಿದರು. ಭಾಮಿನೀ ಷಟ್ಪದಿಯಲ್ಲಿ 32 ಸಂಧಿ, ಸಾವಿರಕ್ಕೆ ತುಸು ಕಡಿಮೆ ಪದ್ಯ. 1809ರಲ್ಲಿ ಅವರು ತೀರಿಕೊಂಡು ಎರಡು ಶತಮಾನ ದಾಟಿದರೂ ರಾಯಚೂರಿನ ಓಣಿಗಳಲ್ಲಿ ಅದರ ಪಾರಾಯಣ ನಿಂತಿಲ್ಲ. ಬಹಳ ಓದಿದ್ದರೂ ತಲೆ ಬಾಗದಿದ್ದಾಗ ಅವರ ಓದು ಬರೀ ಬಿರುದು. ನೆರೆಯವನ ನುಡಿಗೆ ಕಿವಿಗೊಟ್ಟ ಮೇಲೆ ಅದೇ ಓದು ಭಕ್ತಿಯಾಯಿತು. ನಾನು ನಿಮಗೆ ಹೇಳಬೇಕಾದ ಮಾತೂ ಇಷ್ಟೇ: ನಂಬಿಕೆಯನ್ನು ಯಾರೂ ಆಸ್ತಿಯ ಹಾಗೆ ಬರೆದುಕೊಡಲಾರರು. ನಿಮ್ಮ ಭಾಷೆಯ ಗ್ರಂಥದ ಮುಂದೆ ನೀವೇ ಕೂತು, ಸಾವಕಾಶ ಓದಿ, ಅದನ್ನು ಗಳಿಸಿಕೊಳ್ಳಬೇಕು.

ಎಲ್ಲಿಂದ ಶುರು ಮಾಡುವುದು? ಮಂಗಳಾಚರಣೆ ಮುಗಿಸಿ ಕರುಣಾ ಸಂಧಿಗೆ ಬನ್ನಿ. ಅಲ್ಲೊಂದು ಪದ್ಯವಿದೆ. ಅದರ ಭಾವ ನನ್ನ ಮಾತಿನಲ್ಲಿ ಹೇಳುತ್ತೇನೆ: ಭಕ್ತ ಒರಗಿಕೊಂಡೇ ಪ್ರೀತಿಯಿಂದ ಹಾಡಿದರೂ ದೇವರು ಎದ್ದು ಕೂತು ಆಲಿಸುತ್ತಾನೆ. ಭಕ್ತ ಕೂತು ಹಾಡಿದರೆ ಆತ ನಿಂತುಕೊಳ್ಳುತ್ತಾನೆ. ಭಕ್ತ ನಿಂತರೆ ಆತ ಕುಣಿಯುತ್ತಾನೆ. ನೀವು ಎಲ್ಲಿದ್ದರೂ ಆತ ಒಂದು ಹೆಜ್ಜೆ ಮುಂದೆ. ಮಡಿ, ನೇಮ, ಮುಹೂರ್ತ ಯಾವುದೂ ಕೂಡಿಬರಲಿಲ್ಲವೆಂದು ಪುಸ್ತಕ ಮುಚ್ಚಿಟ್ಟವರಿಗೆ ಈ ಒಂದು ಪದ್ಯವೇ ಉತ್ತರ. ಹಾಸ್ಟೆಲಿನ ಮಂಚದ ಮೇಲೆ ಒರಗಿ ಓದಿದರೂ ನಡೆಯುತ್ತದೆ. ಇನ್ನು ಭೋಜನರಸದ ಸಂಧಿಗೆ ಬಂದರೆ ತಟ್ಟೆಯಲ್ಲಿನ ಒಂದೊಂದು ರುಚಿಯಲ್ಲೂ, ಪದಾರ್ಥದಲ್ಲೂ ಹರಿಯ ರೂಪ ಕಾಣಿಸುತ್ತಾರೆ ದಾಸರು. ಅದನ್ನು ಓದಿ ಎದ್ದವರು ಬಿಸಿ ರೊಟ್ಟಿ, ಪುಂಡಿಪಲ್ಲೆ ಮುಂದಿಟ್ಟುಕೊಂಡು ಮೊಬೈಲ್ ನೋಡುತ್ತ ಉಣ್ಣುವುದು ಕಷ್ಟ.

ಹೇಗೆ ಓದುವುದು? ಬಾಯಿಬಿಟ್ಟು ಓದಿ. ಷಟ್ಪದಿಗೆ ಆರು ಸಾಲು. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯ ನಡೆಯಲ್ಲಿ ಗಿಡ್ಡ ಸಾಲು ಸಾಗುತ್ತದೆ. ಮೂರನೆಯದು ಮತ್ತು ಆರನೆಯದು ಉದ್ದ. ಹೊಸಬರು ಸಾಲಿನ ತುದಿಗೆ ಬಂದು ನಿಲ್ಲುತ್ತಾರೆ. ಆದರೆ ಎಷ್ಟೋ ಕಡೆ ಶಬ್ದ ಸಾಲಿನ ತುದಿಯಲ್ಲಿ ಮುರಿದು ಮುಂದಿನ ಸಾಲಿಗೆ ಜಿಗಿದಿರುತ್ತದೆ. ನಮ್ಮ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಸಂಧಿಗೆ ಸಂಧಿ ಬಾಯಿಪಾಠ. ಓದುವ ಹುಡುಗರು ಹಾಗೆ ನಿಂತರೆ ಹೂಬತ್ತಿ ಹೊಸೆಯುತ್ತಲೇ ತಲೆಯೆತ್ತದೆ ಅನ್ನುವಳು: "ಮಾತು ಮುಗದಿಲ್ಲ, ಯಾಕ ನಿಂತಿ?" ಆ ಪ್ರಶ್ನೆ ನಿಮಗೂ ಇರಲಿ. ಅರ್ಥ ಮುಗಿಯುವವರೆಗೆ ನಿಲ್ಲಬೇಡಿ, ಅರ್ಥ ಮುಗಿದ ಮೇಲೆ ಮುಂದಿನ ಪದ್ಯಕ್ಕೆ ಓಡಬೇಡಿ. ತಿಳಿಯದ ಶಬ್ದಕ್ಕೆ ಟೀಕೆ ನೋಡಿ, ಟೀಕೆಯೂ ತಿಳಿಯದಿದ್ದರೆ ಬಲ್ಲ ಹಿರಿಯರ ಮನೆ ಮೆಟ್ಟಿಲು ಹತ್ತಿ. ನಾಚಿಕೆ ಬೇಡ.

ಎಲ್ಲವೂ ಒಪ್ಪಿಗೆಯಾಗುತ್ತದೆಂದು ನಾನು ಮಾತು ಕೊಡಲಾರೆ. ಈ ಕೃತಿ ದ್ವೈತ ಸಿದ್ಧಾಂತದ್ದು. ದೇವತೆಗಳಲ್ಲಿ, ಜೀವರಲ್ಲಿ ಮೇಲು ಕೆಳಗಿನ ತಾರತಮ್ಯ ಹೇಳುವ ಸಂಧಿಗಳು ಇದರಲ್ಲಿವೆ. ಸಮಾನತೆಯ ಪಾಠ ಕಲಿತ ನಿಮ್ಮ ಮನಸ್ಸು ಅಲ್ಲಿ ತಡವರಿಸಿದರೆ ಪೆನ್ಸಿಲಿನಿಂದ ಗೆರೆ ಎಳೆದಿಡಿ, ಮುಂದೆ ಓದಿ. ವರ್ಷದ ನಂತರ ಮತ್ತೆ ಬನ್ನಿ. ಕೆಲವು ಗೆರೆ ಅಳಿಸುತ್ತೀರಿ, ಕೆಲವು ಉಳಿಸಿಕೊಳ್ಳುತ್ತೀರಿ. ಗ್ರಂಥದ ಜೊತೆ ಜಗಳವಾಡುವವನು ಅದನ್ನು ನಿಜವಾಗಿ ಓದುತ್ತಿದ್ದಾನೆ. ಓದದೆ ಒಪ್ಪುವವನೂ, ಓದದೆ ಬೈಯುವವನೂ ನನ್ನ ಲೆಕ್ಕಕ್ಕೆ ಒಂದೇ.

ನಿಮ್ಮ ಜಗಲಿಯ ಮೇಲಿನ ಪುಸ್ತಕ ಬೇರೆ ಇರಬಹುದು. ಬಸವಣ್ಣ, ಅಲ್ಲಮರ ವಚನಗಳಿರಬಹುದು, ಶ್ರಾವಣದಲ್ಲಿ ಪುರಾಣ ಹಚ್ಚುವ ಚಾಮರಸನ ಪ್ರಭುಲಿಂಗಲೀಲೆ ಇರಬಹುದು. ಬೈಬಲ್ ಇರಬಹುದು: ಪಕ್ಕದ ಬಳ್ಳಾರಿಯಲ್ಲಿ ನೆಲೆಸಿದ್ದ ಜಾನ್ ಹ್ಯಾಂಡ್ಸ್ 19ನೆಯ ಶತಮಾನದ ಆರಂಭದಲ್ಲೇ ಅದನ್ನು ಕನ್ನಡಕ್ಕೆ ತರಲು ಕೂತವರು. ಕುರ್‌ಆನ್ ಇರಬಹುದು, ಅದೂ ಇಂದು ಕನ್ನಡದಲ್ಲಿ ಸಿಗುತ್ತದೆ. ಮೊದಲು ನಿಮ್ಮದನ್ನು ಪೂರಾ ಓದಿ, ಆಮೇಲೆ ಗೆಳೆಯನ ಮನೆಯದನ್ನು ಕೇಳಿ ತಂದು ಓದಿ. ಸ್ವಂತದ ಗ್ರಂಥ ಓದದವನಿಗೆ ಪರರ ಗ್ರಂಥದ ಮೇಲೆ ಸಿಟ್ಟು ಬೇಗ ಬರುತ್ತದೆ. ತನ್ನದನ್ನು ಓದಿದವನು ಇನ್ನೊಬ್ಬರದನ್ನು ಎರಡೂ ಕೈಯಿಂದ ಇಸಿದುಕೊಳ್ಳುತ್ತಾನೆ.

ಈ ಪುಸ್ತಕಗಳು ನಮ್ಮ ಭಾಗಕ್ಕೆ ಬರೀ ದೇವರನ್ನು ಕೊಟ್ಟವಲ್ಲ. ನಿಜಾಮರ ಆಳ್ವಿಕೆಯಲ್ಲಿ, 1948ರ ಸೆಪ್ಟೆಂಬರ್ 17ರವರೆಗೂ, ಇಲ್ಲಿ ಕಚೇರಿಯ ಭಾಷೆ, ಮೇಲಿನ ಓದಿನ ಭಾಷೆ ಉರ್ದು. ಆಗ ಕನ್ನಡ ಉಳಿದದ್ದು ಭಜನೆಯಲ್ಲಿ, ಪುರಾಣದ ಗದ್ದುಗೆಯ ಮುಂದೆ, ಬೀಸುಕಲ್ಲಿನ ಹಾಡಿನಲ್ಲಿ. ಲಿಂಗಸುಗೂರಿನ ಗೋರಬಾಳ ಹನುಮಂತರಾಯರು ಮನೆಮನೆಯ ಹಳೆಯ ಹೊತ್ತಿಗೆಗಳಲ್ಲಿ ಅಡಗಿದ್ದ ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. ಅವರು ಹಾಗೆ ಬೆನ್ನು ಹತ್ತದಿದ್ದರೆ ಎಷ್ಟೋ ಪದಗಳು ಗೆದ್ದಲಿಗೆ ಹೋಗುತ್ತಿದ್ದವು. ನಿಮ್ಮ ಕೈಗೆ ಬಂದಿರುವ ಪುಸ್ತಕದ ಹಿಂದೆ ಇಷ್ಟು ಜನರ ಬೆವರಿದೆ.

ನಂಬಿಕೆ ಯಾವಾಗ ಬರುತ್ತದೆ ಎಂದು ದಿನ ಎಣಿಸಬೇಡಿ. ನಮ್ಮ ಎರೆಹೊಲದ ಹಿಂಗಾರಿ ಜೋಳ ನೋಡಿದ್ದೀರಲ್ಲ, ಮಳೆ ಹಿಂದೆಗೆದ ಮೇಲೆ ಬಿತ್ತಿದರೂ ಮಣ್ಣು ಒಳಗೆ ಹಿಡಿದಿಟ್ಟ ಹಸಿಯ ಮೇಲೆ ತೆನೆ ಕಟ್ಟುತ್ತದೆ. ಇಂದು ಓದಿದ್ದು ಇಂದೇ ಕೆಲಸಕ್ಕೆ ಬರಲಿಕ್ಕಿಲ್ಲ. ಪರೀಕ್ಷೆ ಕೈಕೊಟ್ಟಾಗ, ಮನೆಯಲ್ಲಿ ಸಾವಾದಾಗ, ಹೊಟ್ಟೆಪಾಡಿಗೆ ಬೆಂಗಳೂರಿಗೆ ಗುಳೆ ಹೋಗಿ ಒಬ್ಬರೇ ಕೂತಾಗ ಅದು ತಾನಾಗಿ ನಾಲಿಗೆಗೆ ಬರುತ್ತದೆ. ಬಂದದ್ದು ನಿಜವೋ ಸುಳ್ಳೋ ಎಂದು ಅಳೆಯಲು ಒಂದೇ ಕೋಲು: ಓದಿದ ಮೇಲೆ ನೀವು ಮೆತ್ತಗಾದಿರಾ, ಬಿರುಸಾದಿರಾ? ಮನೆಯ ಕೆಲಸದವಳನ್ನು ಕರೆಯುವ ದನಿ ಬದಲಾಯಿತಾ? ಊಟದ ಪಂಕ್ತಿಯಲ್ಲಿ ಯಾರ ಪಕ್ಕ ಕೂಡುತ್ತೀರಿ? ಮಾನ್ವಿಯ ಪಂಡಿತರಿಗೂ ಪರೀಕ್ಷೆ ನಡೆದದ್ದು ಪಂಕ್ತಿಯಲ್ಲೇ.

ಇಂದೇ ಶುರು ಮಾಡಿ. ದಿನಕ್ಕೊಂದು ಪದ್ಯ, ಹೆಚ್ಚು ಬೇಡ. ಆ ಲೆಕ್ಕದಲ್ಲಿ ಮೂರು ವರ್ಷ ತುಂಬುವುದರೊಳಗೆ, ಡಿಗ್ರಿ ಕೈಗೆ ಬರುವ ಹೊತ್ತಿಗೆ, ಹರಿಕಥಾಮೃತಸಾರ ಒಮ್ಮೆ ಮುಗಿದಿರುತ್ತದೆ. ಅರ್ಥವಾಗದ ಪದ್ಯಗಳ ಪಟ್ಟಿ ಮಾಡಿಟ್ಟುಕೊಂಡು ನನ್ನಂಥ ಮುದುಕರನ್ನು ಕಾಡಲು ಬನ್ನಿ. ನಮಗೂ ಮತ್ತೆ ಪುಸ್ತಕ ತೆರೆಯುವ ಕೆಲಸ ಬೀಳಲಿ.